ಅರಿಜೋನಾದ ಇಎಸ್‌ಎ: ಸಹಿ ಹಾಕುವ ಮುಂಚೆ, ಸಹಿ ಹಾಕಿದ ಮೇಲೆ

ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್, ಗಿಲ್ಬರ್ಟ್ ಕಡೆ ನಮ್ಮವರು ಯಾರ ಮನೆಗೆ ಊಟಕ್ಕೆ ಹೋದರೂ ಈಗೊಂದು ಮಾತು ಬಂದೇ ಬರುತ್ತದೆ. "ನೀವು ಇಎಸ್‌ಎ ತಗೊಂಡ್ರಾ?" ಮಗುವಿನ ಓದಿಗೆ ರಾಜ್ಯ ಸರ್ಕಾರದಿಂದ ವರ್ಷಕ್ಕೆ ಏಳು ಸಾವಿರ ಡಾಲರ್ ಮೇಲೆ ಚಿಲ್ಲರೆ. ಖಾಸಗಿ ಶಾಲೆಗೆ ಹಾಕಿದರೂ ಸಿಗುತ್ತದೆ, ಮನೆಯಲ್ಲೇ ಕೂರಿಸಿ ಕಲಿಸಿದರೂ ಸಿಗುತ್ತದೆ. ಆದಾಯದ ಮಿತಿ ಇಲ್ಲ. ಇಷ್ಟು ಕೇಳಿದ ಮೇಲೆ ಪಾಯಸದ ಬಟ್ಟಲು ಕೆಳಗಿಟ್ಟು ಫೋನ್ ತೆಗೆಯದವರು ಕಡಿಮೆ. ನಾವೂ ಹಾಗೆ ತೆಗೆದವರೇ.

ಹಾಸನದಲ್ಲಿರುವ ನಮ್ಮ ಅತ್ತೆಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣಮ್ಮಾ, ದುಡ್ಡು ಕೊಡ್ತಾರೆ ಸರಿ, ಬದಲಿಗೆ ಏನು ಬರೆಸಿಕೊಳ್ತಾರೆ?" ಇಲ್ಲಿನ ಜನ ಕೇಳಬೇಕಾದ ಪ್ರಶ್ನೆ ಅದೇ. ಇಎಸ್‌ಎ ಅಂದರೆ ಎಂಪವರ್‌ಮೆಂಟ್ ಸ್ಕಾಲರ್‌ಶಿಪ್ ಅಕೌಂಟ್. ಹೆಸರಲ್ಲಿ ಸ್ಕಾಲರ್‌ಶಿಪ್ ಇದ್ದರೂ ಕೆಲಸದಲ್ಲಿ ಅದೊಂದು ಕರಾರುಪತ್ರ. ಈ ಲೇಖನ ಆ ಕರಾರಿನ ಬಗ್ಗೆ.

ಮೊದಲು, ಈ ದುಡ್ಡು ಹುಟ್ಟಿದ ಬಗೆ

ಚರಿತ್ರೆ ಬೇಡ ಅನ್ನುವವರು ಮುಂದಿನ ಭಾಗಕ್ಕೆ ಹೋಗಬಹುದು. ಆದರೆ ಒಂದೊಂದು ರಸೀದಿಗೂ ಯಾಕಿಷ್ಟು ತಕರಾರು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಅಂಗವಿಕಲ ಮಕ್ಕಳು ಮತ್ತು ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳಿಗಾಗಿ ಅರಿಜೋನಾ ಒಂದು ವೋಚರ್ ಯೋಜನೆ ನಡೆಸುತ್ತಿತ್ತು. ಸರ್ಕಾರದ ಹಣ ಖಾಸಗಿ ಶಾಲೆಗಳಿಗೆ ಹೋಗುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದಕ್ಕೆ ಕಂಡುಕೊಂಡ ದಾರಿಯೇ 2011ರ ಇಎಸ್‌ಎ. ಹಣವನ್ನು ಶಾಲೆಗೆ ಕೊಡದೆ ಪೋಷಕರ ಹೆಸರಿನ ಖಾತೆಗೆ ಹಾಕುವುದು, ಎಲ್ಲಿ ಖರ್ಚು ಮಾಡಬೇಕೆಂದು ಪೋಷಕರೇ ಆರಿಸುವುದು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಿತು. ಅಮೆರಿಕದಲ್ಲಿ ಈ ಬಗೆಯ ಖಾತೆ ತಂದ ಮೊದಲ ರಾಜ್ಯ ಅರಿಜೋನಾ.

ಯೋಜನೆಯನ್ನು ಎಲ್ಲ ಮಕ್ಕಳಿಗೂ ಹಿಗ್ಗಿಸುವ ಕಾಯ್ದೆಯನ್ನು 2018ರಲ್ಲಿ ಮತದಾರರೇ ದೊಡ್ಡ ಅಂತರದಲ್ಲಿ ತಿರಸ್ಕರಿಸಿದ್ದರು. ನಾಲ್ಕು ವರ್ಷ ಕಳೆದು, 2022ರಲ್ಲಿ, ಶಾಸಕಾಂಗ ಮತ್ತೆ ಅದನ್ನೇ ತಂದಿತು. ಗವರ್ನರ್ ಡಗ್ ಡ್ಯೂಸಿ ಸಹಿ ಹಾಕಿದರು. ಆಗ ಸುಮಾರು 12 ಸಾವಿರ ಮಕ್ಕಳಿದ್ದ ಯೋಜನೆ 2024ರ ಹೊತ್ತಿಗೆ 75 ಸಾವಿರ ದಾಟಿತು. ಸರ್ಕಾರಿ ಶಾಲೆಗಳ ಬೊಕ್ಕಸಕ್ಕೆ ಇದು ಕನ್ನ ಎನ್ನುವವರೂ ಇದ್ದಾರೆ, ನಮ್ಮ ತೆರಿಗೆಯೇ ನಮ್ಮ ಮಗುವಿನ ಹಿಂದೆ ಬರುತ್ತಿದೆ ಎನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲೇ ಈ ವಿಷಯದಲ್ಲಿ ಎರಡು ಪಕ್ಷ. ಅದೇನೇ ಇರಲಿ, ಹಣ ಖರ್ಚಾಗುವುದು ಪೋಷಕರ ಕೈಯಲ್ಲಿ, ಲೆಕ್ಕ ಕೇಳುವುದು ರಾಜ್ಯದ ಶಿಕ್ಷಣ ಇಲಾಖೆ. ಈ ಎರಡರ ನಡುವೆ ಸಿಕ್ಕಿಕೊಳ್ಳುವುದು ನಿಮ್ಮ ರಸೀದಿ.

ಹೆಜ್ಜೆ 1: ನಿಮ್ಮ ದಾರಿ ಯಾವುದೆಂದು ಗುರುತಿಸಿಕೊಳ್ಳಿ

ಇಲ್ಲಿ ನಮ್ಮವರು ಎಡವುವುದು ಒಂದೇ ಕಡೆ: "ಹೋಮ್‌ಸ್ಕೂಲಿಂಗ್" ಎಂಬ ಪದದಲ್ಲಿ.

ಮಗುವನ್ನು ಮನೆಯಲ್ಲಿ ಕಲಿಸುವವರು ಅರಿಜೋನಾದ ಕಾನೂನಿನ ಕಣ್ಣಲ್ಲಿ ಎರಡು ಬಗೆ. ಒಂದು, ಕೌಂಟಿಯ ಶಾಲಾ ಸೂಪರಿಂಟೆಂಡೆಂಟ್ ಕಚೇರಿಗೆ ಅಫಿಡವಿಟ್ ಸಲ್ಲಿಸಿ ಹೋಮ್‌ಸ್ಕೂಲ್ ಮಾಡುವವರು. ಫೀನಿಕ್ಸ್ ಸುತ್ತಮುತ್ತ ಇರುವವರಿಗೆ ಅದು ಮ್ಯಾರಿಕೋಪ ಕೌಂಟಿ. ಇವರಿಗೆ ಸರ್ಕಾರದಿಂದ ಬಿಡಿಗಾಸೂ ಇಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಯೂ ಇಲ್ಲ. ಎರಡು, ಇಎಸ್‌ಎ ಕರಾರಿಗೆ ಸಹಿ ಹಾಕಿ ಮನೆಯಲ್ಲಿ ಕಲಿಸುವವರು. ಇವರ ಅಡುಗೆಮನೆಯ ಮೇಜಿನ ಮೇಲೆ ನಡೆಯುವ ಪಾಠ ಅಕ್ಷರಶಃ ಅದೇ ಆದರೂ ಕಾನೂನಿನ ಪ್ರಕಾರ ಇವರು ಹೋಮ್‌ಸ್ಕೂಲರ್‌ಗಳಲ್ಲ.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಮೊದಲೇ ಅಫಿಡವಿಟ್ ಕೊಟ್ಟಿದ್ದರೆ, ಇಎಸ್‌ಎಗೆ ಹೋಗುವಾಗ ಕೌಂಟಿಗೆ ತಿಳಿಸಿ ಅದನ್ನು ಹಿಂಪಡೆಯಬೇಕು. ಹಳೆಯ ಹೋಮ್‌ಸ್ಕೂಲ್ ಕುಟುಂಬಗಳಲ್ಲಿ ಕೆಲವರು ಇಎಸ್‌ಎ ಕಡೆ ತಿರುಗಿಯೂ ನೋಡುವುದಿಲ್ಲ. ದುಡ್ಡಿನ ಹಿಂದೆ ಸರ್ಕಾರ ಮನೆಯೊಳಗೆ ಬರುತ್ತದೆ ಎಂಬುದು ಅವರ ವಾದ. ನನಗೆ ಮೊದಲು ಅದು ಅತಿ ಅನ್ನಿಸಿತ್ತು. ಈಗ ಅರ್ಧ ಒಪ್ಪುತ್ತೇನೆ.

ಇನ್ನೊಂದು ದಾರಿ ಸ್ಕೂಲ್ ಟ್ಯೂಷನ್ ಆರ್ಗನೈಸೇಷನ್‌ಗಳದ್ದು. ಇಲ್ಲಿ ಇವನ್ನು ಎಸ್‌ಟಿಒ ಎನ್ನುತ್ತಾರೆ. ಕಾಯ್ದೆ 1997ರಷ್ಟು ಹಳೆಯದು. ಜನ ಈ ಸಂಸ್ಥೆಗಳಿಗೆ ದೇಣಿಗೆ ಕೊಡುತ್ತಾರೆ, ಅಷ್ಟೂ ಮೊತ್ತ ಕಾಯ್ದೆಯ ಮಿತಿಯೊಳಗೆ ಅವರ ರಾಜ್ಯ ತೆರಿಗೆಯಿಂದ ಇಳಿಯುತ್ತದೆ, ಆ ಹಣ ಖಾಸಗಿ ಶಾಲೆಯ ಮಕ್ಕಳ ಶುಲ್ಕಕ್ಕೆ ಹೋಗುತ್ತದೆ. ಸ್ವಂತ ಮಗುವಿನ ಹೆಸರಿಗೆ ದೇಣಿಗೆ ಕೊಡುವಂತಿಲ್ಲ. "ನಿನ್ನ ಮಗನಿಗೆ ನಾನು, ನನ್ನ ಮಗಳಿಗೆ ನೀನು" ಎಂಬ ಅದಲುಬದಲಿಗೂ ಅವಕಾಶವಿಲ್ಲ. ಒಂದೇ ಮಗುವಿಗೆ ಇಎಸ್‌ಎ ಮತ್ತು ಎಸ್‌ಟಿಒ ಎರಡನ್ನೂ ಒಟ್ಟಿಗೆ ಪಡೆಯುವಂತೆಯೂ ಇಲ್ಲ. ದುಬಾರಿ ಹೈಸ್ಕೂಲಿಗೆ ಸೇರಿಸುವವರು ಎರಡರಲ್ಲಿ ಯಾವುದು ಲಾಭವೆಂದು ಶಾಲೆಯ ಕಚೇರಿಯಲ್ಲೇ ಕೇಳಿ. ಈ ಲೆಕ್ಕ ಅವರಿಗೆ ಬಾಯಿಪಾಠ.

ಹೆಜ್ಜೆ 2: ಏನನ್ನು ಬಿಟ್ಟುಕೊಡುತ್ತೀರಿ, ಓದಿ

ಕರಾರಿನ ತಿರುಳು ಇಷ್ಟು. ಮಗುವಿಗೆ ಓದು, ವ್ಯಾಕರಣ, ಗಣಿತ, ಸಮಾಜ, ವಿಜ್ಞಾನ ಈ ಐದರಲ್ಲಾದರೂ ಶಿಕ್ಷಣ ಕೊಡುತ್ತೀರಿ. ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುವುದಿಲ್ಲ. ಮಗುವಿಗೆ ಶಿಕ್ಷಣ ಕೊಡುವ ಹೊಣೆಯಿಂದ ನಿಮ್ಮ ಶಾಲಾ ಜಿಲ್ಲೆಯನ್ನು, ಅಂದರೆ ನಿಮ್ಮ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯನ್ನು, ಬಿಡುಗಡೆ ಮಾಡುತ್ತೀರಿ.

ಸರ್ಕಾರದ ಹಣದಲ್ಲಿ ಸ್ವತಂತ್ರ ಆಡಳಿತದವರು ನಡೆಸುವ ಚಾರ್ಟರ್ ಶಾಲೆಯೂ ಸರ್ಕಾರಿ ಶಾಲೆಯೇ, ಮರೆಯಬೇಡಿ. ನಮ್ಮ ಜನ ಸಾಲುಗಟ್ಟಿ ಸೇರಿಸುವ, ಗಣಿತದ ಹೋಮ್‌ವರ್ಕ್ ಹೊರೆಗಟ್ಟಲೆ ಕೊಡುವ ಆ ಶಾಲೆಗಳೂ ಅದರಲ್ಲೇ ಬಂತು. ಅಲ್ಲಿಗೆ ಹೋಗುವ ಮಗುವಿಗೆ ಇಎಸ್‌ಎ ಇಲ್ಲ. ಉಚಿತ ಆನ್‌ಲೈನ್ ಚಾರ್ಟರ್ ಶಾಲೆಗಳದ್ದೂ ಇದೇ ಕತೆ. "ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಓದುತ್ತಾನಲ್ಲ, ಇದೂ ಮನೆಕಲಿಕೆ ತಾನೇ?" ಎಂದು ಒಬ್ಬರು ಎರಡಕ್ಕೂ ಹೆಸರು ಕೊಟ್ಟು, ಒಂದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಸುಸ್ತಾಗಿದ್ದರು.

ಇನ್ನು ಅತಿ ಮುಖ್ಯವಾದ್ದು. ನಿಮ್ಮ ಮಗುವಿಗೆ ಆಟಿಸಂ, ಡಿಸ್ಲೆಕ್ಸಿಯಾ, ಮಾತಿನ ತೊಂದರೆ ಇಂಥದ್ದೇನಾದರೂ ಇದ್ದು, ಸರ್ಕಾರಿ ಶಾಲೆ ಐಇಪಿ (ಆ ಮಗುವಿಗೆಂದೇ ಬರೆದ ವಿಶೇಷ ಕಲಿಕಾ ಯೋಜನೆ) ಮಾಡಿಕೊಟ್ಟಿದ್ದರೆ, ಒಂದು ವಾರ ನಿಧಾನಿಸಿ. ಸರ್ಕಾರಿ ಶಾಲೆಯಲ್ಲಿ ಆ ಮಗುವಿಗೆ ತಕ್ಕ ಶಿಕ್ಷಣ, ಥೆರಪಿ ಕೊಡಲೇಬೇಕೆಂದು ಕೇಂದ್ರ ಕಾನೂನು ಹೇಳುತ್ತದೆ. ಕರಾರಿಗೆ ಸಹಿ ಬಿದ್ದ ಮೇಲೆ ಆ ಹಕ್ಕನ್ನು ಹಿಡಿದು ಜಗ್ಗುವಂತಿಲ್ಲ. ಖಾಸಗಿ ಶಾಲೆಗೆ ಅಂಥ ಹೊಣೆ ಇಲ್ಲ, ಸೇರಿಸಿಕೊಳ್ಳದೆ ಇರುವ ಸ್ವಾತಂತ್ರ್ಯವೂ ಇದೆ. ಬದಲಿಗೆ ಸಿಗುವ ಮೊತ್ತವೇನೋ ದೊಡ್ಡದು: ಕೆಲವು ಬಗೆಯ ಅಂಗವೈಕಲ್ಯಕ್ಕೆ ಸಾಮಾನ್ಯ ಮೊತ್ತದ ಹಲವು ಪಟ್ಟು. ಯೋಜನೆ ಹುಟ್ಟಿದ್ದೇ ಈ ಮಕ್ಕಳಿಗಾಗಿ, ಎಷ್ಟೋ ಮನೆಗಳಿಗೆ ಅದು ನಿಜಕ್ಕೂ ಆಧಾರವಾಗಿದೆ. ಆದರೆ ಆ ದೊಡ್ಡ ಮೊತ್ತಕ್ಕೆ ಬೇಕಾದ ಮೌಲ್ಯಮಾಪನ ವರದಿ ಬರುವುದು ಸಾಮಾನ್ಯವಾಗಿ ಸರ್ಕಾರಿ ಶಾಲೆಯಿಂದಲೇ. ಹಾಗಾಗಿ ವರದಿ ಮೊದಲು, ಸಹಿ ಆಮೇಲೆ.

ಹೆಜ್ಜೆ 3: ಕಾಗದದ ಮೇಲೆ ಲೆಕ್ಕ ಹಾಕಿ

ಮಗು ಚಾರ್ಟರ್ ಶಾಲೆಗೆ ಹೋಗಿದ್ದರೆ ರಾಜ್ಯ ಎಷ್ಟು ಕೊಡುತ್ತಿತ್ತೋ ಅದರ ಶೇ. 90ರಷ್ಟು ಇಎಸ್‌ಎಗೆ ಬರುತ್ತದೆ. ವಿಶೇಷ ಅಗತ್ಯವಿಲ್ಲದ ಮಗುವಿಗೆ ಅದು ಸುಮಾರು 7,000ದಿಂದ 8,000 ಡಾಲರ್, ತರಗತಿಯ ಮೇಲೆ ಹೋಗುತ್ತದೆ. ಕಿಂಡರ್‌ಗಾರ್ಟನ್‌ಗೆ ಸುಮಾರು ಅರ್ಧ, ಯಾಕೆಂದರೆ ಅರಿಜೋನಾ ಕಿಂಡರ್‌ಗಾರ್ಟನ್‌ಗೆ ಅರ್ಧ ದಿನದ ಲೆಕ್ಕದಲ್ಲೇ ಹಣ ಕೊಡುವುದು. ಈ ಹಣಕ್ಕೆ ಪೋಷಕರು ರಾಜ್ಯದ ಆದಾಯ ತೆರಿಗೆ ಕಟ್ಟಬೇಕಾಗಿಲ್ಲ.

ಉದಾಹರಣೆಗೆ ನಿಮಗೆ 7,400 ಡಾಲರ್ ಬರುತ್ತದೆ ಅಂದುಕೊಳ್ಳಿ. ನೋಡಿಟ್ಟ ಖಾಸಗಿ ಶಾಲೆಯ ಶುಲ್ಕ 13,000. ವ್ಯತ್ಯಾಸ 5,600. ಅದಕ್ಕೆ ನೋಂದಣಿ ಶುಲ್ಕ, ಊಟ, ಶಾಲೆಯವರು ವರ್ಷಪೂರ್ತಿ ಕೇಳುವ ಅದೂ ಇದೂ ಸೇರಿಸಿ. ಮೊನ್ನೆವರೆಗೆ ಸೊನ್ನೆ ಖರ್ಚಿನಲ್ಲಿ ಪಕ್ಕದ ಸರ್ಕಾರಿ ಶಾಲೆಗೆ ಹೋಗುತ್ತಿದ್ದ ಮಗುವಿಗೆ ಈಗ ನಿಮ್ಮ ಜೇಬಿನಿಂದ ಆರು ಸಾವಿರದ ಮೇಲೆ ಹೋಯಿತು. ಇಬ್ಬರು ಮಕ್ಕಳಾದರೆ ಎರಡರಷ್ಟು. "ಸರ್ಕಾರ ಕೊಡುತ್ತೆ" ಎಂಬ ಮಾತಿನ ಸಂಭ್ರಮದಲ್ಲಿ ಈ ಕೂಡು-ಕಳೆ ಮಾಡದವರನ್ನು ನೋಡಿದ್ದೇನೆ, ಅವರಲ್ಲಿ ಇಬ್ಬರು ಲೆಕ್ಕಪರಿಶೋಧಕರು!

ಇನ್ನೊಂದು ಸೂಕ್ಷ್ಮ. ಹಣ ಒಂದೇ ಗಂಟಿನಲ್ಲಿ ಬರುವುದಿಲ್ಲ, ಮೂರು ತಿಂಗಳಿಗೊಮ್ಮೆ ಬರುತ್ತದೆ. 7,400 ಅಂದರೆ ಕಂತಿಗೆ 1,850. ಶಾಲೆ ಆಗಸ್ಟ್‌ನಲ್ಲೇ ಅರ್ಧ ವರ್ಷದ 6,500 ಕೇಳಿದರೆ ಉಳಿದದ್ದನ್ನು ನೀವು ಕೈಯಿಂದ ಹಾಕಿ ಕಾಯಬೇಕು. ಸೇರಿಸುವ ಮುಂಚೆಯೇ "ಇಎಸ್‌ಎ ಕಂತಿಗೆ ಹೊಂದುವಂತೆ ಶುಲ್ಕ ಕಟ್ಟಬಹುದೇ?" ಎಂದು ಕೇಳಿ. ಹಲವು ಶಾಲೆಗಳು ಒಪ್ಪುತ್ತವೆ.

ಮನೆಯಲ್ಲಿ ಕಲಿಸುವವರ ಲೆಕ್ಕ ಬೇರೆ. ಗಣಿತದ ಪಠ್ಯಸಾಮಗ್ರಿಗೆ 150, ಇಂಗ್ಲಿಷ್‌ಗೆ 200, ವಿಜ್ಞಾನದ ಕಿಟ್‌ಗಳಿಗೆ 300. ವಾರಕ್ಕೆರಡು ಗಂಟೆ ಟ್ಯೂಟರ್, ಗಂಟೆಗೆ 45ರಂತೆ 36 ವಾರಕ್ಕೆ 3,240. ವಾರಕ್ಕೊಂದು ಸಂಗೀತ ಪಾಠ, 40ರಂತೆ 1,440. ಒಟ್ಟು 5,330. ಉಳಿದ 2,070 ಮುಂದಿನ ವರ್ಷಕ್ಕೆ ಖಾತೆಯಲ್ಲೇ ಉಳಿಯುತ್ತದೆ. ಹೈಸ್ಕೂಲ್ ಮುಗಿದ ಮೇಲೆ ಅರಿಜೋನಾದ ಕಾಲೇಜಿನ ಶುಲ್ಕಕ್ಕೂ ಬಳಸಬಹುದು. ಈ ಲೆಕ್ಕದಲ್ಲಿ ಕಾಣದ ಖರ್ಚು ಒಂದಿದೆ: ಮನೆಯಲ್ಲಿ ಒಬ್ಬರು ಕೆಲಸ ಬಿಡುವುದು ಅಥವಾ ಅರ್ಧ ಮಾಡಿಕೊಳ್ಳುವುದು. ನೀವೇ ಕಲಿಸಿದ್ದಕ್ಕೆ ನೀವೇ ಸಂಬಳ ತೆಗೆದುಕೊಳ್ಳುವಂತಿಲ್ಲ. ನಮ್ಮ ಮನೆಯಲ್ಲಿ ಕೆಲಸ ಅರ್ಧ ಮಾಡಿಕೊಂಡವಳು ಯಾರೆಂದು ಹೇಳಬೇಕಾಗಿಲ್ಲ.

ಹೆಜ್ಜೆ 4: ಅರ್ಜಿ

ಇದು ಸುಲಭದ ಭಾಗ. ಅರ್ಜಿ ಆನ್‌ಲೈನ್, ವರ್ಷವಿಡೀ ತೆರೆದಿರುತ್ತದೆ. ಮಗು ಮೊದಲು ಸರ್ಕಾರಿ ಶಾಲೆಯಲ್ಲಿ ಓದಿರಲೇಬೇಕೆಂಬ ಹಳೆಯ ಷರತ್ತು 2022ರ ನಂತರ ಇಲ್ಲ. ಬೇಕಾದ್ದು ಮಗುವಿನ ಜನನ ಪ್ರಮಾಣಪತ್ರ, ಪೋಷಕರ ಗುರುತಿನ ಚೀಟಿ, ಅರಿಜೋನಾದಲ್ಲಿ ವಾಸವಿರುವುದಕ್ಕೆ ದಾಖಲೆ. ಇಲಾಖೆ 30 ದಿನಗಳೊಳಗೆ ತೀರ್ಮಾನ ತಿಳಿಸಬೇಕು.

ನಮ್ಮವರಿಗಷ್ಟೇ ಬರುವ ತೊಡಕು ಇನಿಷಿಯಲ್‌ನದ್ದು. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಹುಟ್ಟಿದ ಮಗುವಿನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು "ಮಂಜುನಾಥ ಎಚ್. ಎಸ್." ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಎಚ್. ಎಸ್. ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಒಂದು ಗಜ ಉದ್ದವಾಗಿರುತ್ತದೆ. ಅರಿಜೋನಾದ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮೂರನೆಯ ರೂಪ. ಅರ್ಜಿ ನೋಡುವವರಿಗೆ ಇವು ಮೂರು ಬೇರೆ ಬೇರೆ ಮನುಷ್ಯರು. ಪ್ರಮಾಣಪತ್ರದ ಜೊತೆಗೆ ಮಗುವಿನ ಪಾಸ್‌ಪೋರ್ಟಿನಲ್ಲಿ ತಂದೆತಾಯಿಯ ಹೆಸರಿರುವ ಕೊನೆಯ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಹೆಸರಿನ ವ್ಯತ್ಯಾಸ ಯಾಕೆಂದು ಎರಡು ಸಾಲು ಬರೆದಿಟ್ಟುಕೊಳ್ಳಿ. ಪ್ರಮಾಣಪತ್ರ ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನು ಮೊದಲೇ ಮಾಡಿಸಿ.

ಮಗು ಈಗ ಸರ್ಕಾರಿ ಶಾಲೆಯಲ್ಲಿದ್ದರೆ, ಅಲ್ಲಿಂದ ಬಿಡಿಸುವ ದಿನಾಂಕಕ್ಕೂ ಕರಾರಿನ ದಿನಾಂಕಕ್ಕೂ ತಾಳೆ ಇರಲಿ. ಎರಡೂ ಕಡೆ ಒಟ್ಟಿಗೆ ಹೆಸರಿರಬಾರದು, ಎಲ್ಲೂ ಇಲ್ಲದ ಹಾಗೂ ಆಗಬಾರದು. ಆರರಿಂದ ಹದಿನಾರು ವರ್ಷದ ಮಕ್ಕಳಿಗೆ ಇಲ್ಲಿ ಶಿಕ್ಷಣ ಕಡ್ಡಾಯ. ಶಾಲೆ ಬಿಡಿಸಿದ ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ.

ಹೆಜ್ಜೆ 5: ಖರ್ಚು ಮತ್ತು ರಸೀದಿ

ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಹಣ ನಿಮ್ಮ ಬ್ಯಾಂಕಿಗೆ ಬರುವುದಿಲ್ಲ. ಕ್ಲಾಸ್‌ವಾಲೆಟ್ ಎಂಬ ವೇದಿಕೆಯಲ್ಲಿ ಕೂತಿರುತ್ತದೆ. ಅಲ್ಲಿಂದಲೇ ಶಾಲೆಗೋ ಟ್ಯೂಟರ್‌ಗೋ ನೇರ ಪಾವತಿ ಮಾಡಬಹುದು, ಅಲ್ಲಿರುವ ಅಂಗಡಿಗಳಲ್ಲಿ ಸಾಮಾನು ಕೊಳ್ಳಬಹುದು, ಇಲ್ಲವೇ ಕೈಯಿಂದ ಖರ್ಚು ಮಾಡಿ ರಸೀದಿ ಕೊಟ್ಟು ವಾಪಸ್ ಪಡೆಯಬಹುದು. ನನ್ನ ಸಲಹೆ ಕೇಳಿದರೆ ಆದಷ್ಟೂ ನೇರ ಪಾವತಿ. ರಸೀದಿ ದಾರಿ ಕೊನೆಗಿರಲಿ.

ಯಾವುದಕ್ಕೆ ಖರ್ಚು ಮಾಡಬಹುದು? ಖಾಸಗಿ ಶಾಲೆಯ ಶುಲ್ಕ, ಸಮವಸ್ತ್ರ, ಪಠ್ಯಪುಸ್ತಕ, ಪಠ್ಯಕ್ರಮ, ಅದಕ್ಕೆ ಪೂರಕವಾದ ಸಾಮಗ್ರಿ, ಟ್ಯೂಟರ್, ಎಸ್‌ಎಟಿ, ಎಪಿಯಂಥ ಪರೀಕ್ಷೆಗಳ ಶುಲ್ಕ, ಅಗತ್ಯವಿರುವ ಮಕ್ಕಳಿಗೆ ಥೆರಪಿ. ಇದರಲ್ಲಿ "ಪೂರಕ ಸಾಮಗ್ರಿ" ಎಂಬ ಎರಡು ಪದಗಳ ಮೇಲೇ ಜಗಳವೆಲ್ಲ. ಆ ಸಾಮಗ್ರಿ ಯಾವುದಾದರೂ ಪಠ್ಯಕ್ರಮಕ್ಕೆ ಸಂಬಂಧಿಸಿರಬೇಕೆಂದು ರಾಜ್ಯದ ಅಟಾರ್ನಿ ಜನರಲ್ ಕಚೇರಿ 2024ರಲ್ಲಿ ಪಟ್ಟು ಹಿಡಿಯಿತು, ಅದರ ವಿರುದ್ಧ ಪೋಷಕರು ಕೋರ್ಟಿಗೆ ಹೋದರು. ಪೆನ್ಸಿಲ್‌ಗೂ ಪಠ್ಯಕ್ರಮದ ದಾಖಲೆ ಬೇಕೇ ಎಂದು ಮನೆಮನೆಯಲ್ಲಿ ಚರ್ಚೆಯಾಯಿತು. ನಿಯಮ ಯಾವ ಕಡೆ ವಾಲಿದರೂ ನಿಮಗೆ ತೊಂದರೆಯಾಗದ ಉಪಾಯ ಒಂದಿದೆ. ವರ್ಷದ ಮೊದಲಲ್ಲೇ ವಿಷಯವಾರು ಒಂದು ಪುಟದ ಪಠ್ಯಕ್ರಮ ಬರೆದು, ಅದರಲ್ಲಿ ಬೇಕಾಗುವ ಸಾಮಾನಿನ ಪಟ್ಟಿಯನ್ನೂ ಸೇರಿಸಿಡಿ. "ಐದನೇ ತರಗತಿ ವಿಜ್ಞಾನ, ಘಟಕ 3, ಬೆಳಕು: ಪೀನ ಮಸೂರ, ಪ್ರಿಸಮ್, ಟಾರ್ಚ್." ಆಮೇಲೆ ಟಾರ್ಚ್ ಯಾಕೆ ಕೊಂಡಿರೆಂದು ಕೇಳಿದರೆ ಉತ್ತರ ಸಿದ್ಧ.

ನಾನು ಪೆಟ್ಟು ತಿಂದದ್ದು ಹೇಳುತ್ತೇನೆ. ಮೊದಲ ವರ್ಷ ಮಗಳಿಗೆ ಗಣಿತಕ್ಕೆಂದು ಒಬ್ಬರು ಟ್ಯೂಟರ್ ಬರುತ್ತಿದ್ದರು. ಒಳ್ಳೆಯ ಮನುಷ್ಯ. ತಿಂಗಳ ಕೊನೆಗೆ ಒಂದು ಚೀಟಿಯಲ್ಲಿ "360 ಡಾಲರ್ ಸಂದಿದೆ, ಧನ್ಯವಾದ" ಎಂದು ಬರೆದು ಸಹಿ ಹಾಕಿ ಕೊಟ್ಟರು. ಅದನ್ನೇ ಫೋಟೊ ಹೊಡೆದು ಹಾಕಿದೆ. ತಿರಸ್ಕಾರ. ವಿದ್ಯಾರ್ಥಿಯ ಹೆಸರಿಲ್ಲ. ಹೆಸರು ಸೇರಿಸಿ ಮತ್ತೆ ಹಾಕಿದೆ. ಪಾಠ ನಡೆದ ದಿನಾಂಕಗಳಿಲ್ಲ. ಸೇರಿಸಿದೆ. ಟ್ಯೂಟರ್ ಅವರ ವಿದ್ಯಾರ್ಹತೆಯ ದಾಖಲೆ ಇಲ್ಲ. ಅಷ್ಟರಲ್ಲಿ ಆ ಪುಣ್ಯಾತ್ಮರು ಬೇರೆ ರಾಜ್ಯಕ್ಕೆ ಹೋಗಿದ್ದರು, ತಮ್ಮ ಸರ್ಟಿಫಿಕೇಟ್ ಯಾವ ಪೆಟ್ಟಿಗೆಯಲ್ಲಿದೆಯೋ ಗೊತ್ತಿಲ್ಲ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಪೂಜಾರಿಯ ತಪ್ಪೇನೂ ಇರಲಿಲ್ಲ. ನಿಯಮ ಮೊದಲೇ ಬರೆದಿತ್ತು, ನಾನು ಓದಿರಲಿಲ್ಲ.

ಈಗ ಯಾರೇ ಕಲಿಸಲಿ, ಮೊದಲ ಪಾಠಕ್ಕೆ ಮುಂಚೆಯೇ ವಿದ್ಯಾರ್ಹತೆಯ ಪ್ರತಿ ಕೇಳುತ್ತೇನೆ. ಕನಿಷ್ಠ ಹೈಸ್ಕೂಲ್ ಮುಗಿಸಿದ ದಾಖಲೆಯಾದರೂ ಬೇಕು. ರಸೀದಿಯ ಒಂದು ನಮೂನೆಯನ್ನು ನಾನೇ ಮಾಡಿಕೊಡುತ್ತೇನೆ: ಕಲಿಸಿದವರ ಹೆಸರು, ವಿಳಾಸ, ಮಗುವಿನ ಹೆಸರು, ವಿಷಯ, ತಾರೀಖು, ಎಷ್ಟು ಗಂಟೆ, ಗಂಟೆಗೆಷ್ಟು, ಒಟ್ಟು, ಸಂದಾಯವಾದ ಬಗೆ. ಸಂಗೀತದ ಮೇಡಂಗೆ ಇದನ್ನು ಕೊಡುವಾಗ ಮುಜುಗರವಾಯಿತು, ಗುರುದಕ್ಷಿಣೆಗೆ ಇನ್‌ವಾಯ್ಸ್ ಕೇಳಿದ ಹಾಗೆ. ಅವರು ನಕ್ಕು, "ಇನ್ನೂ ನಾಲ್ಕು ಜನ ಇದೇ ಕೇಳಿದಾರೆ, ಇದನ್ನೇ ಎಲ್ಲರಿಗೂ ಕೊಡ್ತೀನಿ ಬಿಡಿ" ಅಂದರು.

ಇನ್ನೆರಡು ಎಚ್ಚರ. ಕೊಂಡ ವಸ್ತು ಹಿಂದಿರುಗಿಸಿದರೆ ಹಣ ನಿಮ್ಮ ಕೈಗೆ ಬರಬಾರದು, ಇಎಸ್‌ಎ ಖಾತೆಗೇ ಹೋಗಬೇಕು. ಹಾಗೆಯೇ, ಒಂದು ಬಿಲ್ಲು ಪಾಸಾಯಿತೆಂದರೆ ಮುಗಿಯಿತು ಅಂತಲ್ಲ. ಸಣ್ಣ ಮೊತ್ತದ ಬಿಲ್ಲುಗಳನ್ನು ಬೇಗ ಪಾಸು ಮಾಡಿ ಆಮೇಲೆ ತಪಾಸಣೆ ಮಾಡುವ ಪದ್ಧತಿ ಬಂದಿದೆ. ಆಗ ತಪ್ಪು ಕಂಡರೆ ಹಣ ವಾಪಸ್ ಕೊಡಬೇಕಾಗುತ್ತದೆ, ಖಾತೆಯನ್ನು ತಡೆಹಿಡಿಯಲೂಬಹುದು. ಇಲಾಖೆಯ ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ರಾಜ್ಯ ಶಿಕ್ಷಣ ಮಂಡಳಿಗೆ ಮೇಲ್ಮನವಿ ಹೋಗಬಹುದು. ಹೋಗಿ, ಹೆದರಬೇಡಿ. ಆದರೆ ಕೈಯಲ್ಲಿ ಕಾಗದ ಇಟ್ಟುಕೊಂಡು ಹೋಗಿ.

ಹೆಜ್ಜೆ 6: ಬಿಟ್ಟು ಹೊರಡುವಾಗ

ಕರಾರು ವರ್ಷದಿಂದ ವರ್ಷಕ್ಕೆ ನವೀಕರಣವಾಗುತ್ತದೆ. ಸರ್ಕಾರಿ ಶಾಲೆಗೆ ಮರಳುವುದಾದರೆ ಮೊದಲು ಇಎಸ್‌ಎ ಮುಚ್ಚಿ, ಆಮೇಲೆ ಸೇರಿಸಿ. ರಾಜ್ಯ ಬಿಟ್ಟರೆ ಇಎಸ್‌ಎಯೂ ಬಿಟ್ಟಂತೆ. ಕೆಲಸ ಬದಲಿಸಿ ಡಲ್ಲಾಸ್‌ಗೆ ಹೋಗುವವರಿಗೆ ಅಲ್ಲಿ ಬೇರೆಯದೇ ಕಾಯ್ದೆ ಕಾದಿದೆ. ಟೆಕ್ಸಾಸ್ 2025ರಲ್ಲಿ ಇಂಥದ್ದೊಂದು ಯೋಜನೆ ತಂದಿತು. ಅದರಲ್ಲಿ ಖಾಸಗಿ ಶಾಲೆಯ ಮಗುವಿಗೂ ಮನೆಯಲ್ಲಿ ಕಲಿಯುವ ಮಗುವಿಗೂ ಮೊತ್ತದಲ್ಲಿ ಭಾರೀ ಅಂತರ, ಮನೆಯಲ್ಲಿ ಕಲಿಯುವವರಿಗೆ ವರ್ಷಕ್ಕೆ 2,000 ಡಾಲರ್ ಮಿತಿ.

ಕರ್ನಾಟಕಕ್ಕೇ ಮರಳುವವರು ಇದರ ಹೋಲಿಕೆ ಅಲ್ಲಿ ಹುಡುಕಬೇಡಿ. ಅಲ್ಲಿ ಖಾಸಗಿ ಶಾಲೆಗೆ ಸರ್ಕಾರದ ಹಣ ಹೋಗುವುದು ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟುಗಳ ಮೂಲಕ ಮತ್ತು ಅನುದಾನಿತ ಶಾಲೆಗಳ ಮೂಲಕ. ಎರಡರಲ್ಲೂ ಹಣ ಪೋಷಕರ ಕೈಗೆ ಬರುವುದಿಲ್ಲ. ಆ ಸೀಟುಗಳು ಹಿಂದುಳಿದ, ಬಡ ಕುಟುಂಬಗಳ ಮಕ್ಕಳಿಗೆ ಮೀಸಲು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂದು 2019ರಿಂದ ನಿಯಮ ಬಿಗಿಯಾಗಿ, ಅವೂ ಬಹಳ ಕಡಿಮೆಯಾಗಿವೆ. ಮನೆಯಲ್ಲಿ ಕಲಿಸುವವರಿಗೆ ಅಲ್ಲಿ ಸರ್ಕಾರದಿಂದ ಹಣವಿಲ್ಲ. ಹತ್ತನೇ ತರಗತಿಯ ಪರೀಕ್ಷೆಗೆ ಕೇಂದ್ರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಇದೆ, ಅದಕ್ಕೆ 14 ವರ್ಷ ತುಂಬಿರಬೇಕು.

ಊರಿನ ಶಾಲೆಗೆ ಸೇರಿಸಲು ಹೋದಾಗ ಮೊದಲು ಕೇಳುವುದು ಟಿಸಿ. ಖಾಸಗಿ ಶಾಲೆಯಲ್ಲಿ ಓದಿದ ಮಗುವಿಗೆ ಶಾಲೆ ಕೊಡುತ್ತದೆ. ಇಎಸ್‌ಎಯಲ್ಲಿ ಮನೆಯಲ್ಲಿ ಕಲಿತ ಮಗುವಿಗೆ ಕೊಡುವವರು ಯಾರು? ಯಾರೂ ಇಲ್ಲ. ರಾಜ್ಯದ ಪರೀಕ್ಷೆಯನ್ನೂ ಇಎಸ್‌ಎ ಕಡ್ಡಾಯ ಮಾಡಿಲ್ಲವಾದ್ದರಿಂದ ಅಂಕಪಟ್ಟಿಯೂ ಇರುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಯಾವುದಾದರೂ ಪ್ರಮಾಣಿತ ಪರೀಕ್ಷೆ ಬರೆಸಿ, ಆ ಶುಲ್ಕವನ್ನೂ ಇಎಸ್‌ಎಯಿಂದಲೇ ಕಟ್ಟಬಹುದು. ಮಗಳ ಬರವಣಿಗೆ, ಪ್ರಯೋಗದ ಚಿತ್ರ, ಟ್ಯೂಟರ್‌ಗಳ ಸಹಿ ಇರುವ ಪ್ರಗತಿ ಪತ್ರ, ಓದಿದ ಪುಸ್ತಕಗಳ ಪಟ್ಟಿ ಎಲ್ಲವನ್ನೂ ತರಗತಿವಾರು ಒಂದೊಂದು ಫೈಲಿಗೆ ಹಾಕುತ್ತ ಬಂದಿದ್ದೇನೆ. ಕಳೆದ ಬೇಸಿಗೆ ಮೈಸೂರಿನ ಒಂದು ಶಾಲೆಯಲ್ಲಿ ಸುಮ್ಮನೆ ವಿಚಾರಿಸಲು ಹೋದಾಗ ಆ ಫೈಲನ್ನು ಮೇಜಿನ ಮೇಲಿಟ್ಟೆ. ಮುಖ್ಯೋಪಾಧ್ಯಾಯಿನಿ ಹತ್ತು ನಿಮಿಷ ತಿರುವಿ ಹಾಕಿ, ಕನ್ನಡಕ ತೆಗೆದು, "ಕನ್ನಡ ಬರೆಯೋಕೆ ಬರುತ್ತಾ ಇವಳಿಗೆ?" ಎಂದು ಕೇಳಿದರು. ಆ ಪುಟ ಫೈಲಿನಲ್ಲಿರಲಿಲ್ಲ. ಈ ವರ್ಷದ ಪಠ್ಯಕ್ರಮದಲ್ಲಿ ಸೇರಿಸಿದ್ದೇನೆ.